‘ಡ್ರಾ ಸಾಧಿಸಿ ಅಂತಿಮಕ್ಕೆ ಮುನ್ನಡೆ’: ಕಪ್ ಫುಟ್‌ಬಾಲ್ ವರದಿಯ ಪದಗಳು

ಪ್ರಶ್ನೆ: ರಾಷ್ಟ್ರಮಟ್ಟದ ನಾಕೌಟ್ ಫುಟ್‌ಬಾಲ್ ಟೂರ್ನಿಯ ಸೆಮಿಫೈನಲ್ ವರದಿಯೊಂದನ್ನು ಕನ್ನಡಕ್ಕೆ ತರುವಾಗ ಸಿಕ್ಕ ವಾಕ್ಯ ಇದು: ‘ಉಪಾಂತ್ಯ ಟೈನಲ್ಲಿ 1–1ರ ಡ್ರಾ ಸಾಧಿಸಿದ ಕ್ಲಬ್, ಹೆಚ್ಚುವರಿ ಸಮಯದ ನಂತರ 6–5 ಗೋಲುಗಳಿಂದ ಗೆದ್ದು ಅಂತಿಮಕ್ಕೆ ಮುನ್ನಡೆಯಿತು. ಅಲ್ಲಿ ಕಳೆದ ಬಾರಿ ಕಪ್ಪು ಗೆದ್ದವರನ್ನು ಎದುರಿಸಲಿದ್ದಾರೆ.’ ಟೈ, ಡ್ರಾ, ಅಂತಿಮ, ಮುನ್ನಡೆ, ಇವುಗಳ ಬಳಕೆ ಸರಿಯೇ? ನಾಕೌಟ್‌ಗೆ ಕನ್ನಡದಲ್ಲೇ ಪದ ಇದೆಯೇ? ತಿಳಿದವರು ಹೇಳಬೇಕು.

ಉತ್ತರ: ಮೊದಲು ‘ಮುನ್ನಡೆ’ಯನ್ನೇ ನೋಡೋಣ, ಹೆಚ್ಚು ತೊಡಕು ಇರುವುದು ಅಲ್ಲೇ. ಆಟದ ಕನ್ನಡದಲ್ಲಿ ಮುನ್ನಡೆ ಎಂದರೆ ಪಂದ್ಯ ನಡೆಯುತ್ತಿರುವಾಗ ಗೋಲಿನ ಲೆಕ್ಕದಲ್ಲಿ ಮುಂದಿರುವುದು. ‘30ನೇ ನಿಮಿಷದಲ್ಲಿ ಮುನ್ನಡೆ ತಂದುಕೊಟ್ಟರು’ ಎಂದರೆ ಯಾರಿಗೂ ಗೊಂದಲ ಆಗದು. ಅದೇ ಪದವನ್ನು ಮುಂದಿನ ಸುತ್ತಿಗೆ ಹೋಗುವುದಕ್ಕೂ ಬಳಸಿ ‘ಸೆಮಿಫೈನಲ್‌ನಲ್ಲಿ ಮುನ್ನಡೆ’ ಎಂದು ಶೀರ್ಷಿಕೆ ಕೊಟ್ಟರೆ, ಪಂದ್ಯ ಇನ್ನೂ ಮುಗಿದಿಲ್ಲ ಎಂದೇ ಓದುಗರು ತಿಳಿಯುತ್ತಾರೆ. ಸುತ್ತು ದಾಟಿದ್ದಕ್ಕೆ ತಲುಪಿತು, ಪ್ರವೇಶಿಸಿತು, ಹೋಯಿತು ಇವೇ ಸಾಕು. ‘ಲಗ್ಗೆ ಇಟ್ಟಿತು’ ಪತ್ರಿಕೆಗಳಿಗೆ ಅಚ್ಚುಮೆಚ್ಚು. ಆದರೆ ಲಗ್ಗೆ ಎಂದರೆ ಕೋಟೆಯ ಮೇಲೆ ಏರಿ ಹೋಗುವುದು. ಎದುರಾಳಿ ಕಣಕ್ಕೇ ಇಳಿಯದೆ ವಾಕೋವರ್ ಸಿಕ್ಕ ತಂಡಕ್ಕೆ ಅದು ಹೊಂದುವುದಿಲ್ಲ.

ಗೆಲ್ಲುವುದು ಬೇರೆ, ಮುಂದಿನ ಸುತ್ತಿಗೆ ಹೋಗುವುದು ಬೇರೆ. ಇವೆರಡಕ್ಕೂ ಒಂದೇ ಕ್ರಿಯಾಪದ ಹಾಕಬಾರದು ಎನ್ನುವುದಕ್ಕೆ ಇಂಗ್ಲೆಂಡಿನ ಎಫ್‌.ಎ. ಕಪ್‌ನ ಮೊದಲ ಟೂರ್ನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1872ರ ಮಾರ್ಚ್ 16ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಫೈನಲ್ ಆಡಿದ್ದು ವಾಂಡರರ್ಸ್ ಮತ್ತು ರಾಯಲ್ ಎಂಜಿನಿಯರ್ಸ್. ಎಂಜಿನಿಯರ್ಸ್ ತಂಡದ ಸೆಮಿಫೈನಲ್ ಗೋಲಿಲ್ಲದೆ ಸಮನಾಗಿ, ಮರುಪಂದ್ಯದಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಎದುರು 3–0ರಿಂದ ಗೆದ್ದು ಫೈನಲ್ ತಲುಪಿತು. ವಾಂಡರರ್ಸ್ ಸೆಮಿಫೈನಲ್ ಕೂಡ 0–0. ಎದುರಾಳಿಯಾಗಿದ್ದ ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್‌ಗೆ ಮರುಪಂದ್ಯದ ಖರ್ಚು ಭರಿಸಲು ಆಗಲಿಲ್ಲ, ಅದು ಹಿಂದೆ ಸರಿಯಿತು. ವಾಂಡರರ್ಸ್‌ಗೆ ಫೈನಲ್ ದಾರಿ ತೆರೆಯಿತು. ಅದಕ್ಕೂ ಹಿಂದಿನ ಸುತ್ತಿನಲ್ಲಿ ವಾಂಡರರ್ಸ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಸಮ ಮಾಡಿಕೊಂಡಾಗ, ಆಗಿನ ನಿಯಮದಂತೆ ಎರಡೂ ಕ್ಲಬ್‌ಗಳು ಮುಂದೆ ಹೋಗಿದ್ದವು. ಹೀಗೆ ಫೈನಲ್‌ಗೆ ಮುಂಚೆ ಮೈದಾನದಲ್ಲಿ ಒಂದೇ ಒಂದು ಪಂದ್ಯ ಗೆದ್ದಿದ್ದ ವಾಂಡರರ್ಸ್, ಫೈನಲ್‌ನಲ್ಲಿ 1–0ರಿಂದ ಗೆದ್ದು ಕಪ್ ಎತ್ತಿತು. ಈ ಕ್ಲಬ್ ‘ಸೆಮಿಫೈನಲ್ ಗೆದ್ದು ಫೈನಲ್ ತಲುಪಿತು’ ಎಂದು ಬರೆದರೆ ವಾಕ್ಯ ಚೆನ್ನಾಗಿರುತ್ತದೆ, ಮಾಹಿತಿ ತಪ್ಪಾಗುತ್ತದೆ.

ಇನ್ನು ‘ಟೈ’. ಇಂಗ್ಲೆಂಡಿನ ಫುಟ್‌ಬಾಲ್ ಬರಹದಲ್ಲಿ ಟೈ ಎಂದರೆ ಕಪ್ ಟೂರ್ನಿಯ ಒಂದು ಸುತ್ತಿನಲ್ಲಿ ಎರಡು ತಂಡಗಳಿಗೆ ಬಿದ್ದ ಜೋಡಿ, ಅವುಗಳ ಮುಖಾಮುಖಿ. ಕನ್ನಡ ಓದುಗರಿಗೆ ಈ ಪದ ಬಂದದ್ದು ಕ್ರಿಕೆಟ್‌ನಿಂದ; ಅಲ್ಲಿ ಟೈ ಎಂದರೆ ರನ್ ಸಮನಾಗಿ ಪಂದ್ಯ ಮುಗಿಯುವುದು. ‘ಉಪಾಂತ್ಯ ಟೈನಲ್ಲಿ ಗೆಲುವು’ ಎಂದರೆ ಸಮನಾದ ಪಂದ್ಯದಲ್ಲಿ ಗೆದ್ದದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಒಂದೇ ಪಂದ್ಯದಲ್ಲಿ ಇತ್ಯರ್ಥವಾಗುವುದಾದರೆ ‘ಪಂದ್ಯ’ ಎನ್ನಿ. ತವರಿನಲ್ಲಿ ಒಂದು, ಎದುರಾಳಿಯ ನೆಲದಲ್ಲಿ ಒಂದು ಎಂದು ಎರಡು ಆಡುವುದಿದ್ದರೆ ಇಡೀ ಜೋಡಿಗೆ ‘ಮುಖಾಮುಖಿ’, ಬಿಡಿ ಪಂದ್ಯಗಳಿಗೆ ‘ಮೊದಲ ಲೆಗ್’, ‘ಎರಡನೇ ಲೆಗ್’. ಮೊದಲ ಲೆಗ್‌ನಲ್ಲಿ 2–0 ಗೆಲುವು, ಎರಡನೆಯದರಲ್ಲಿ 0–1 ಸೋಲು ಎಂದಿಟ್ಟುಕೊಳ್ಳಿ. ಆ ದಿನ ತಂಡ ಸೋತಿದೆ, ಮುಖಾಮುಖಿಯನ್ನು ಒಟ್ಟು 2–1 ಗೋಲುಗಳಿಂದ ಗೆದ್ದಿದೆ. ‘ಒಟ್ಟು’ ಎಂಬ ಒಂದು ಪದ ಬಿಟ್ಟುಹೋದರೆ ವರದಿ ತಲೆಕೆಳಗು.

‘ಡ್ರಾ’ದ ತೊಡಕು ಬೇರೆ ತೆರನಾದದ್ದು. ಸಮನಾದ ಫಲಿತಾಂಶವೂ ಡ್ರಾ, ಯಾರ ಎದುರು ಯಾರು ಎಂದು ಚೀಟಿ ಎತ್ತುವುದೂ ಡ್ರಾ. ‘ಸೆಮಿಫೈನಲ್ ಡ್ರಾ’ ಎಂಬ ಶೀರ್ಷಿಕೆ ಎರಡಕ್ಕೂ ಹೊಂದುತ್ತದೆ. ಆದರೆ ಕ್ರಿಯಾಪದ ಸೇರಿಸಿದ ಕೂಡಲೇ ಅರ್ಥ ಬೇರೆಯಾಗುತ್ತದೆ: ಪಂದ್ಯ ಡ್ರಾ ‘ಆಯಿತು’, ಡ್ರಾ ‘ಎತ್ತಿದರು’. ಕಪ್ ವರದಿಯಲ್ಲಿ ಫಲಿತಾಂಶಕ್ಕೆ ‘ಸಮಬಲ’ವನ್ನೂ ಚೀಟಿ ಎತ್ತುವುದಕ್ಕೆ ‘ಡ್ರಾ’ವನ್ನೂ ಮೀಸಲಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ‘ಡ್ರಾ ಸಾಧಿಸಿತು’ ಎನ್ನಲು ಹಿಂದಿದ್ದ ತಂಡ ಗೋಲು ಹೊಡೆದು ಸಮ ಮಾಡಿರಬೇಕು. ಮುಂದಿದ್ದು ಕೈಚೆಲ್ಲಿದ ತಂಡ ಏನನ್ನು ಸಾಧಿಸಿದಂತಾಯಿತು?

6–5 ಗೋಲು ಎನ್ನುವುದು ನಿಯಮದ ಪ್ರಕಾರವೇ ತಪ್ಪು. ನಿಗದಿತ 90 ನಿಮಿಷ ಸಮನಾದರೆ, ಟೂರ್ನಿಯ ನಿಯಮದಲ್ಲಿ ಇದ್ದಲ್ಲಿ, ತಲಾ 15 ನಿಮಿಷದಂತೆ ಎರಡು ಭಾಗದ ಹೆಚ್ಚುವರಿ ಅವಧಿ. ಅಲ್ಲಿ ಹೊಡೆದ ಗೋಲು ಪಂದ್ಯದ ಗೋಲೇ. ಭಾರತದ ಕ್ಲಬ್‌ಗಳ ಟೂರ್ನಿಯಾಗಿದ್ದ ಫೆಡರೇಷನ್ ಕಪ್‌ನ 2017ರ ಫೈನಲ್ ಕಟಕ್‌ನಲ್ಲಿ ನಡೆದಾಗ 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಸಿ.ಕೆ. ವಿನೀತ್ ಎರಡು ಗೋಲು ಹೊಡೆದರು. ಬೆಂಗಳೂರು ಎಫ್‌ಸಿ ಮೋಹನ್ ಬಾಗನ್ ತಂಡವನ್ನು 2–0ರಿಂದ ಸೋಲಿಸಿತು ಎಂದೇ ದಾಖಲಾಯಿತು. ಆದರೆ ಆಮೇಲೂ ಸಮನಾಗಿಯೇ ಉಳಿದ ಪಂದ್ಯವನ್ನು ಇತ್ಯರ್ಥಗೊಳಿಸಲು, ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಸರದಿಯಲ್ಲಿ ಒದೆಯುವ ಪೆನಾಲ್ಟಿ ಶೂಟೌಟ್‌ನ ಗೋಲುಗಳು ಪಂದ್ಯದ ಲೆಕ್ಕಕ್ಕೆ ಸೇರುವುದಿಲ್ಲ. ತಲಾ ಐದು ಒದೆತ, ಆಗಲೂ ಸಮನಾದರೆ ಒಂದೊಂದರಂತೆ ಒದ್ದು, ಒಂದು ತಂಡ ಗೋಲು ಹೊಡೆದು ಇನ್ನೊಂದು ತಪ್ಪಿದ ಕೂಡಲೇ ಮುಗಿಯುವ ಸಡನ್ ಡೆತ್. 2005ರ ಎಫ್‌.ಎ. ಕಪ್ ಫೈನಲ್ ಶೂಟೌಟ್‌ನಲ್ಲಿ ಇತ್ಯರ್ಥವಾದ ಆ ಕಪ್‌ನ ಮೊದಲ ಫೈನಲ್. ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್ ಪಂದ್ಯ 0–0. ಶೂಟೌಟ್‌ನಲ್ಲಿ ಆರ್ಸೆನಲ್‌ಗೆ 5–4. ನಿಮ್ಮ ವಾಕ್ಯ ಬರೆದವರು 1–1ಕ್ಕೆ ಶೂಟೌಟ್‌ನ 5–4 ಕೂಡಿಸಿ 6–5 ಮಾಡಿದಂತೆ ಕಾಣುತ್ತದೆ. ಎರಡನ್ನೂ ಬೇರೆಬೇರೆಯಾಗಿಯೇ ಕೊಡಬೇಕು.

ಜೊತೆಗೆ ‘ಹೆಚ್ಚುವರಿ ಸಮಯ’ ಎಂಬುದನ್ನು ಕೆಲವರು 90 ನಿಮಿಷದ ಕೊನೆಗೆ ರೆಫರಿ ಸೇರಿಸುವ ಮೂರು ನಾಲ್ಕು ನಿಮಿಷಕ್ಕೂ ಬಳಸುತ್ತಾರೆ. ಅದಕ್ಕೆ ‘ಇಂಜುರಿ ಅವಧಿ’ ಎಂಬ ಮಾತು ರೂಢಿಯಲ್ಲಿದೆ. ‘90+3ನೇ ನಿಮಿಷ’ ಎಂದರೆ ಇಂಜುರಿ ಅವಧಿ, ‘93ನೇ ನಿಮಿಷ’ ಎಂದರೆ ಹೆಚ್ಚುವರಿ ಅವಧಿಯ ಮೂರನೇ ನಿಮಿಷ. ಕೂಡಿಸುವ ಚಿಹ್ನೆಯನ್ನು ಬಿಡಬೇಡಿ.

‘ಉಪಾಂತ್ಯ’ ಒಳ್ಳೆಯ ಪದ. ಕೊನೆಯದಕ್ಕೆ ಹಿಂದಿನದು ಎಂಬ ಅರ್ಥ ಸುತ್ತುಗಳ ಎಣಿಕೆಗೆ ಸರಿಯಾಗಿ ಕೂಡುತ್ತದೆ. ಅದರ ಜೋಡಿಯಾಗಬೇಕಿದ್ದ ‘ಅಂತ್ಯ’ವನ್ನು ಮಾತ್ರ ಯಾರೂ ಬಳಸುವುದಿಲ್ಲ, ‘ತಂಡ ಅಂತ್ಯ ತಲುಪಿತು’ ಎಂದರೆ ಕಥೆಯೇ ಮುಗಿದಂತೆ. ‘ಅಂತಿಮ’ ವಿಶೇಷಣ, ಒಂಟಿಯಾಗಿ ನಿಲ್ಲದು. ‘ಅಂತಿಮ ಪಂದ್ಯ’, ‘ಅಂತಿಮ ಸುತ್ತು’ ಎಂದು ಅದರ ನಂತರ ನಾಮಪದ ಬೇಕು. ಇಲ್ಲವಾದರೆ ಸುಮ್ಮನೆ ‘ಫೈನಲ್’. ಎಂಟರ ಘಟ್ಟ, ಹದಿನಾರರ ಘಟ್ಟ ಎನ್ನುವಾಗ ಎಣಿಸುವುದು ಆ ಘಟ್ಟದಲ್ಲಿ ಉಳಿದಿರುವ ತಂಡಗಳನ್ನು. ಎಂಟರ ಘಟ್ಟದ ಪಂದ್ಯ ಗೆದ್ದವರು ಹೋಗುವುದು ಸೆಮಿಫೈನಲ್‌ಗೆ.

ನಾಕೌಟ್‌ಗೆ ಹೊಸ ಪದ ಕಟ್ಟುವ ಅಗತ್ಯ ಕಾಣದು. ಮೊದಲ ಸಲ ‘ಸೋತವರು ಹೊರಬೀಳುವ ನಾಕೌಟ್ ಟೂರ್ನಿ’ ಎಂದರೆ ಸಾಕು; ‘ಹೊರಬೀಳು’ ಕನ್ನಡದ್ದೇ, ಚುರುಕಾದ ಪದ. ಗಮನಿಸಬೇಕಾದ್ದು ‘ನಾಕೌಟ್ ಟೂರ್ನಿ’ ಮತ್ತು ‘ನಾಕೌಟ್ ಹಂತ’ದ ವ್ಯತ್ಯಾಸ. ಮೇಲೆ ಹೇಳಿದ 2017ರ ಫೆಡರೇಷನ್ ಕಪ್‌ನಲ್ಲಿ ಎಂಟು ತಂಡಗಳು ಎರಡು ಗುಂಪಿನಲ್ಲಿ ಲೀಗ್ ಆಡಿ, ಸೆಮಿಫೈನಲ್‌ನಿಂದಷ್ಟೇ ನಾಕೌಟ್. ಗುಂಪಿನಲ್ಲಿ ಒಂದು ಪಂದ್ಯ ಸೋತ ತಂಡವೂ ಫೈನಲ್ ತಲುಪಬಹುದು. ಪೂರ್ತಿ ನಾಕೌಟ್ ಆದರೆ ಒಂದೇ ಪಂದ್ಯದ ಸುತ್ತಿನಲ್ಲಿ ಸೋತವರಿಗೆ ಎರಡನೇ ಅವಕಾಶವಿಲ್ಲ.

ಪೂರ್ತಿ ನಾಕೌಟ್‌ನಲ್ಲಿ ‘ಬೈ’ ಬರುತ್ತದೆ. ಪಂದ್ಯವಿಲ್ಲದೆ ಮುಂದಿನ ಸುತ್ತಿಗೆ ಹೋಗುವುದು ಬೈ; ಅದನ್ನು ಗೆಲುವೆಂದು ಬರೆಯಬಾರದು. 23 ತಂಡ ಇದ್ದರೆ ಅದಕ್ಕೂ ಮೇಲಿನ 2ರ ಘಾತ 32. 32ರಲ್ಲಿ 23 ಕಳೆದರೆ 9 ಬೈ. ಉಳಿದ 14 ತಂಡಗಳು ಆಡುವ 7 ಪಂದ್ಯದಿಂದ 7 ತಂಡ, ಬೈ ಪಡೆದ 9, ಒಟ್ಟು 16. ಮೊದಲ ಸುತ್ತಿನಿಂದ ಆಡಿದವರು ಐದು ಪಂದ್ಯ ಗೆದ್ದು ಕಪ್ ಪಡೆಯಬೇಕು, ಬೈ ಸಿಕ್ಕವರಿಗೆ ನಾಲ್ಕೇ ಸಾಕು. ‘ಸತತ ಐದನೇ ಗೆಲುವು’ ಎಂದು ಬರೆಯುವ ಮುನ್ನ ಇಷ್ಟು ಲೆಕ್ಕ ಹಾಕಿಕೊಳ್ಳಬೇಕು.

ಉಳಿದದ್ದು ವ್ಯಾಕರಣ. ಕ್ಲಬ್ ನಪುಂಸಕ: ಕ್ಲಬ್ ಗೆದ್ದಿತು, ಎರಡೂ ಕ್ಲಬ್‌ಗಳು ತಲುಪಿದವು. ‘ಕ್ಲಬ್’ ಎಂದು ಶುರುಮಾಡಿ ‘ಎದುರಿಸಲಿದ್ದಾರೆ’ ಎಂದು ಮುಗಿಸಿದರೆ ಕರ್ತೃಪದ, ಕ್ರಿಯಾಪದ ಕೂಡುವುದಿಲ್ಲ. ಗೋಲ್ ಗೋಲಾಯಿತು, ಕ್ಲಬ್ ಮಾತಿನಲ್ಲಿ ಕ್ಲಬ್ಬಾಗುತ್ತದೆ, ಕೊನೆಗೆ ಉಕಾರ ಸೇರುವುದು ನಮ್ಮ ನಾಲಿಗೆಯ ಸಹಜ ಗುಣ. ‘ಕಪ್’ಗೆ ಮಾತ್ರ ಬರಹದಲ್ಲಿ ಹಾಗೆ ಮಾಡಬೇಡಿ. ಕಪ್ಪು ಬಣ್ಣವಾಗಿಬಿಡುತ್ತದೆ.

ಇಷ್ಟನ್ನೂ ಇಟ್ಟುಕೊಂಡು ನಿಮ್ಮ ವಾಕ್ಯವನ್ನು ಹೀಗೆ ತಿದ್ದಬಹುದು: ‘ಸೆಮಿಫೈನಲ್ ಪಂದ್ಯ ಹೆಚ್ಚುವರಿ ಅವಧಿಯ ಬಳಿಕವೂ 1–1ರಿಂದ ಸಮನಾಗಿತ್ತು. ಪೆನಾಲ್ಟಿ ಶೂಟೌಟ್‌ನಲ್ಲಿ 5–4ರಿಂದ ಮೇಲುಗೈ ಪಡೆದ ಕ್ಲಬ್ ಫೈನಲ್ ತಲುಪಿತು. ಅಲ್ಲಿ ಅದು ಹಾಲಿ ಚಾಂಪಿಯನ್ ತಂಡವನ್ನು ಎದುರಿಸಲಿದೆ.’ ಎದುರಾಳಿ ಹಾಲಿ ಚಾಂಪಿಯನ್ ಹೌದೋ ಅಲ್ಲವೋ, ಮೂಲ ವರದಿಯಲ್ಲಿ ಒಮ್ಮೆ ನೋಡಿಕೊಳ್ಳಿ. ‘ಕಳೆದ ಬಾರಿ’ ಎಂಬುದು ಕಳೆದ ಟೂರ್ನಿಯೂ ಆಗಬಹುದು, ಆ ಕ್ಲಬ್ ಕಳೆದ ಸಲ ಫೈನಲ್ ಆಡಿದ ವರ್ಷವೂ ಆಗಬಹುದು.