ರಾಮೆನ್ ಎಳೆಯ 'ಕೊಶಿ'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಹದಿನೈದು ದಿನದಿಂದ ತಲೆ ಕೊರೀತಾ ಇದೆ.

ಟೋಕಿಯೋದ ಕೊಮಜಾವಾ ಒಲಿಂಪಿಕ್ ಪಾರ್ಕಿನಲ್ಲಿ ಚಳಿ ಶುರುವಾಗುವ ಹೊತ್ತಿಗೆ 'ಟೋಕಿಯೋ ರಾಮೆನ್ ಶೋ' ನಡೆಯುತ್ತದೆ, 2009ರಲ್ಲಿ ಶುರುವಾದದ್ದು. ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ಕೊಡುವ ಗೋಧಿ ನೂಡಲ್ಸು. ಜಪಾನಿನ ಬೇರೆ ಬೇರೆ ಊರಿನ ಅಂಗಡಿಯವರು ಬಂದು ಸಾಲಾಗಿ ಟೆಂಟ್ ಹಾಕುತ್ತಾರೆ. ಬಟ್ಟಲಿಗೊಂದು ಚೀಟಿ. ನಾನು, ನನ್ನ ಹೆಂಡತಿ, ಆಫೀಸಿನ ಜಪಾನಿ ಗೆಳೆಯ ಮೂವರೂ ಹೋಗಿದ್ದೆವು, ಮೂರು ಊರಿನ ಬಟ್ಟಲು ತಂದು ಮಧ್ಯ ಇಟ್ಟುಕೊಂಡು ಹಂಚಿಕೊಂಡು ರುಚಿ ನೋಡಿದೆವು.

ಗೆಳೆಯ ಉತ್ತರದ ಸಪ್ಪೊರೊ ಕಡೆಯ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ರಾಮೆನ್ನಿನಿಂದ ಕಡ್ಡಿಯಲ್ಲಿ ಒಂದಿಷ್ಟು ಎಳೆ ಎತ್ತಿ ಸೊರ್ರನೆ ಎಳೆದುಕೊಂಡು, ಅಗಿದು, ತಲೆ ಆಡಿಸುತ್ತಾ 'ಕೊಶಿ ಗಾ ಅರು' ಅಂದ. ಕೊಶಿ ಇದೆ ಅಂತ. ಏನಂದ ಅಂತ ಹೆಂಡತಿ ಕೇಳಿದಳು. 'ನೂಡಲ್ಸು ಗಟ್ಟಿ ಇದೆ ಅಂತಾನೆ' ಅಂದೆ. ಅವಳು ತಕ್ಷಣ, 'ಯಾಕೆ, ಬೆಂದಿಲ್ವಾ?' ಅಂದಳು. ಅಲ್ಲಿಗೆ ನನ್ನ ಅನುವಾದ ಬಿತ್ತು.

ಚೆನ್ನಾಗೇ ಬೆಂದಿತ್ತು. ಬೆಂದ ಮೇಲೂ ಹಲ್ಲು ಒತ್ತಿದರೆ ಎಳೆ ಸ್ವಲ್ಪ ಹೊತ್ತು ಎದುರು ನಿಲ್ಲುತ್ತದೆ, ಸ್ವಲ್ಪ ಹಿಗ್ಗುತ್ತದೆ, ಆಮೇಲೆ ಪಟ್ ಅಂತ ತುಂಡಾಗುತ್ತದೆ. ಆ ಗುಣಕ್ಕೆ ಕೊಶಿ ಅನ್ನುತ್ತಾರೆ. ಉದೋನ್ ಅನ್ನುವ ದಪ್ಪ ನೂಡಲ್ಸು ತಿನ್ನುವವರ ಬಾಯಲ್ಲಿ ಈ ಮಾತು ಇನ್ನೂ ಜಾಸ್ತಿ. 'ಗಟ್ಟಿ'ಗೆ ಜಪಾನಿಯರ ಹತ್ತಿರ ಬೇರೆ ಪದವೇ ಇದೆ. ಹಕಾತಾ (ಫುಕುವೊಕಾ ಊರಿನ ಒಂದು ಭಾಗ) ಶೈಲಿಯ ರಾಮೆನ್ ಅಂಗಡಿಗಳಲ್ಲಿ ಎಳೆ ಎಷ್ಟು ಬೇಯಬೇಕು ಅಂತ ನಾವೇ ಹೇಳಬೇಕು: ಮೆತ್ತಗೆ ಬೇಕಾದರೆ 'ಯವಾ', ಗಟ್ಟಿ ಬೇಕಾದರೆ 'ಕತಾ', ಇನ್ನೂ ಗಟ್ಟಿಗೆ 'ಬರಿಕತಾ', ಅದಕ್ಕೂ ಮೇಲೆ 'ಹರಿಗಾನೆ', ಅಂದರೆ ತಂತಿ! ಇವೆಲ್ಲ ಬೇಯುವ ಹೊತ್ತಿನ ಲೆಕ್ಕ. ಕೊಶಿ ಹಾಗಲ್ಲ, ಅದು ಹಿಟ್ಟು ನಾದುವಾಗಲೇ ಹುಟ್ಟುವಂಥದ್ದು. ರಾಮೆನ್ನಿಗಾದರೆ ಗೋಧಿ ಹಿಟ್ಟಿಗೆ 'ಕಾನ್ಸುಯಿ' ಅನ್ನುವ ಕ್ಷಾರದ ನೀರು ಹಾಕಿ ನಾದುತ್ತಾರೆ, ನಾವು ಹಪ್ಪಳದ ಹಿಟ್ಟಿಗೆ ಹಪ್ಪಳಖಾರ ಹಾಕುತ್ತೇವಲ್ಲ, ಅದೇ ಜಾತಿಯದು, ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟು. ಎಳೆಗೆ ಆ ಹಳದಿ ಬಣ್ಣ, ಆ ಬಿಗಿ ಎರಡೂ ಅದರಿಂದಲೇ.

ಸರಿ, ಕನ್ನಡದಲ್ಲಿ ಏನಿದೆ ಅಂತ ಹುಡುಕಿದೆ. 'ಹದ' ಮೊದಲು ಬಂತು. ಒಳ್ಳೇ ಪದ, ಆದರೆ ತುಂಬ ಅಗಲ. ಅನ್ನಕ್ಕೂ ಹದ, ಪಾಕಕ್ಕೂ ಹದ, ನೆಲಕ್ಕೂ ಹದ. 'ಜಿಗಿ' ಹತ್ತಿರ ಬರುತ್ತದೆ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿದೆ, ರೊಟ್ಟಿ ಹರೀತದೆ ಅನ್ನುತ್ತಾರಲ್ಲ, ಅದು. ಆದರೆ ಅದು ಹಸಿ ಹಿಟ್ಟಿನ ಗುಣ. ಬೆಂದ ಎಳೆಗೆ ಜಿಗಿ ಅಂದರೆ ಕೇಳಿದವರಿಗೆ ಅಂಟಂಟು ಅನ್ನಿಸೀತು. 'ಕೆಚ್ಚು' ಅಂತಲೂ ಯೋಚಿಸಿದೆ, ಮರದ ಕೆಚ್ಚಿನ ಹಾಗೆ. ಅದರಲ್ಲಿ ಮತ್ತೆ ಒಳಗೆ ಬೇಯದೆ ಉಳಿದ ಭಾಗದ ಅರ್ಥ ನುಸುಳುತ್ತದೆ, ಹೆಂಡತಿ ಅದೇ ಪ್ರಶ್ನೆ ಕೇಳುತ್ತಾಳೆ.

ಆಮೇಲೆ ಗೆಳೆಯನನ್ನೇ ಕೇಳಿದೆ, ಕೊಶಿ ಅಂದರೆ ಮೂಲ ಅರ್ಥ ಏನು ಅಂತ. ಅವನು ಎದ್ದು ನಿಂತು ಸೊಂಟ ಮುಟ್ಟಿ ತೋರಿಸಿದ. ಸೊಂಟ! ಆಗ ನನಗೆ ಅಜ್ಜಿ ನೆನಪಾದರು. ಮೆಟ್ಟಿಲು ಹತ್ತುವಾಗ 'ಸೊಂಟದಲ್ಲಿ ಕಸುವಿಲ್ಲ ಕಣೋ' ಅನ್ನುತ್ತಿದ್ದರು. ಕಸುವು. ಎಳೆಯಲ್ಲಿ ಕಸುವಿದೆ, ಎಳೆ ಕಸುವು ಕಳಕೊಂಡಿದೆ. ನನ್ನ ಕಿವಿಗೆ ಇದು ಸರಿ ಕೂತಿದೆ. ಭೂಮಿಗೆ, ಮೈಗೆ ಹೇಳುವ ಪದವನ್ನು ತಿನ್ನುವ ಎಳೆಗೆ ಹೇಳಬಹುದಾ? ನಿಮ್ಮ ಕಿವಿಗೆ ಹೇಗಿದೆ ಹೇಳಿ.

ಇದರ ಜೊತೆಗೇ ಇನ್ನೊಂದು. ಮಾತಾಡುತ್ತಾ ಕೂತು ನಮ್ಮ ಮೂರನೇ ಬಟ್ಟಲು ಕೆಟ್ಟಿತು, ಎಳೆಯೆಲ್ಲ ಸಾರು ಕುಡಿದು ಊದಿಕೊಂಡು ಮೆತ್ತಗಾಗಿತ್ತು. ಜಪಾನಿಯಲ್ಲಿ ಇದಕ್ಕೆ 'ನೊಬಿರು' ಅನ್ನುತ್ತಾರೆ, ಉದ್ದವಾಗು ಅಂತ ಅರ್ಥ. ಶಾವಿಗೆ ಪಾಯಸ ಹೊತ್ತಾದರೆ ಆಗುವುದೂ ಇದೇ ಅಲ್ವಾ? ನಮ್ಮ ಮನೆಯಲ್ಲಿ 'ಹಾಲೆಲ್ಲ ಕುಡಿದುಬಿಡ್ತು' ಅಂತಿದ್ದರು, ಒಂದೇ ಪದ ಇರಲಿಲ್ಲ.

ಬೇಸಿಗೆಯಲ್ಲಿ ಮಣೆ ಹಾಕಿ ಗೋಧಿ ಶಾವಿಗೆ ಹೊಸೆದು ಒಣಗಿಸುವ ಮನೆಯವರು ಇಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಅಮ್ಮನನ್ನೋ ಅತ್ತೆಯನ್ನೋ ಕೇಳಿ ಬರೆಯಿರಿ: ಬಸಿದ ಶಾವಿಗೆ ಚೆನ್ನಾಗಿ ಬಂದಿದೆ, ಮುದ್ದೆಯಾಗಿಲ್ಲ, ಬಾಯಿಗೆ ಸಿಗುತ್ತಿದೆ ಅನ್ನಲು ಅವರು ಯಾವ ಪದ ಬಳಸುತ್ತಾರೆ? ಊರಿನ ಹೆಸರನ್ನೂ ಜೊತೆಗೆ ಹಾಕಿ.