‘ಸಾಫ್ಟ್‌ವುಡ್’ಗೆ ‘ಮೆದು ಮರ’ ಸರಿಯಾ? ‘ಸ್ಟಂಪೇಜ್’ಗೆ ಏನನ್ನಬಹುದು?

ಗೆಳೆಯರೇ, ನಮಸ್ಕಾರ.

ಅಮೆರಿಕ–ಕೆನಡಾ ನಡುವಿನ ಮರದ ವ್ಯಾಪಾರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ಸಾಫ್ಟ್‌ವುಡ್. ‘ಮೆದು ಮರ’ ಅಂತ ಬರೆಯುವುದು ಸುಲಭ. ಆದರೆ ನಮ್ಮ ಕಡೆ ಮೆದು ಮರ ಅಂದರೆ ನೆನಪಾಗುವುದು ಬೂರುಗ, ಹಾಲುವಾಣ. ಬೆಂಕಿಕಡ್ಡಿಗೆ ಹೋಗುವ ಬೂರುಗ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಾರ್ಡ್‌ವುಡ್! ಯೂ ಅನ್ನುವ ಮರ ಸಾಫ್ಟ್‌ವುಡ್ ಗುಂಪಿನದು, ಆದರೆ ಒಳ್ಳೇ ಗಟ್ಟಿ. ಪೈನ್, ಸ್ಪ್ರೂಸ್, ಫರ್ ಇವೆಲ್ಲ ಒಂದೇ ಗುಂಪಿಗೆ ಸೇರುವುದು ಬೀಜ ಬಿಡುವ ರೀತಿಯಿಂದ. ಹೆಚ್ಚಿನವಕ್ಕೆ ಸೂಜಿಯಂಥ ಎಲೆ. ಹಾಗಾಗಿ ‘ಸೂಜಿಯೆಲೆ ಮರ’ ಅನ್ನೋಣ ಅಂತ ನನ್ನ ಮನಸ್ಸು. ಕೊಯ್ದು ಮಾರುವ ಸರಕಿಗೆ ನಮ್ಮಲ್ಲೇ ‘ನಾಟಾ’ ಇದೆ, ಲಂಬರ್‌ಗೆ ‘ಕೊಯ್ದ ನಾಟಾ’ ಸಾಕಲ್ವಾ?

ಲೇಖನದಲ್ಲಿ ಈ ಪದ ಎಲ್ಲಿ ಕೈಕೊಡುತ್ತದೆ ಅಂತ ಹೇಳುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 1990ರ ದಶಕದ ಕೊನೆಯಿಂದ ಪೈನ್ ತೊಗಟೆ ಕೊರೆಯುವ ಒಂದು ಜೀರುಂಡೆ ವಿಪರೀತ ಹಬ್ಬಿತು. ಮೊದಲೆಲ್ಲ ಕಡು ಚಳಿಗೆ ಅದರ ಮರಿಗಳು ಸಾಯುತ್ತಿದ್ದವು. ಚಳಿ ಕಡಿಮೆಯಾಯಿತು, ಹುಳು ಉಳಿಯಿತು. ಅಲ್ಲಿ ಕಡಿಯಲು ಯೋಗ್ಯವಾದ ಲಾಡ್ಜ್‌ಪೋಲ್ ಪೈನ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತಿತು. ಒಣಗಿದ್ದನ್ನು ಹಾಳಾಗುವ ಮೊದಲು ಅವಸರವಾಗಿ ಕಡಿದರು. ಆಮೇಲೆ ಮರವೇ ಸಾಲದೆ ಎಷ್ಟೋ ಸಾಮಿಲ್‌ಗಳು ಮುಚ್ಚಿದವು. ಇಲ್ಲಿ ‘ಮೆದು ಮರ’ ಅಂತ ಬರೆದರೆ, ಮೆದು ಇದ್ದದ್ದಕ್ಕೇ ಹುಳು ಹಿಡಿಯಿತು ಅಂತ ಓದಿದವರು ಅಂದುಕೊಳ್ಳುತ್ತಾರೆ.

ಬೇಡಿಕೆಯ ಕಡೆ ಕಥೆ ಸರಳ. ಅಮೆರಿಕ, ಕೆನಡಾದ ಹೆಚ್ಚಿನ ಮನೆಗಳ ಗೋಡೆಯ ಚೌಕಟ್ಟೇ ಈ ಮರದ್ದು. 2020ರಲ್ಲಿ ಕೋವಿಡ್ ಬಂದಾಗ ಇನ್ನು ಮನೆ ಕಟ್ಟೋರಿಲ್ಲ ಅಂತ ಮಿಲ್ಲುಗಳು ಕೆಲಸ ಇಳಿಸಿದವು. ಆದದ್ದು ಉಲ್ಟಾ. ಗೃಹಸಾಲದ ಬಡ್ಡಿ ಇಳಿಯಿತು, ಮನೆಯಲ್ಲೇ ಕೂತ ಜನ ರಿಪೇರಿ ಶುರುಮಾಡಿದರು. ಮೊದಲು 400 ಡಾಲರ್ ಆಸುಪಾಸು ಇದ್ದ ಸಾವಿರ ಬೋರ್ಡ್ ಫುಟ್, 2021ರ ಮೇ ತಿಂಗಳಲ್ಲಿ ಷಿಕಾಗೋ ವಾಯಿದಾ ಪೇಟೆಯಲ್ಲಿ 1,600 ದಾಟಿತು. ಬೇಸಿಗೆ ಮುಗಿಯುವಷ್ಟರಲ್ಲಿ ಮತ್ತೆ 500ರ ಹತ್ತಿರ ಬಂತು. (ಬೋರ್ಡ್ ಫುಟ್‌ಗೆ ‘ಹಲಗೆ ಅಡಿ’ ಅಂತ ಬರೆದಿದ್ದೇನೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪ. ಸಾವಿರ ಹಲಗೆ ಅಡಿ ಅಂದರೆ ನಮ್ಮ ಮರದಂಗಡಿ ಲೆಕ್ಕದಲ್ಲಿ ಸುಮಾರು 83 ಘನ ಅಡಿ.)

ನಿಜವಾಗಿ ಕಷ್ಟ ಕೊಡುತ್ತಿರುವುದು ಎರಡನೇ ಪದ, ಸ್ಟಂಪೇಜ್. ಬ್ರಿಟಿಷ್ ಕೊಲಂಬಿಯಾದ ಕಾಡು ಬಹುಪಾಲು ಪ್ರಾಂತ್ಯ ಸರ್ಕಾರದ್ದು. ಅಲ್ಲಿ ಮರ ಕಡಿಯುವ ಕಂಪನಿ ಸರ್ಕಾರಕ್ಕೆ ಕಟ್ಟುವ ದುಡ್ಡೇ ಸ್ಟಂಪೇಜ್. ಅದನ್ನು ಬೇಕೆಂದೇ ಕಡಿಮೆ ಇಟ್ಟಿದ್ದಾರೆ, ಅದೂ ಒಂದು ಸಬ್ಸಿಡಿಯೇ ಅಂತ ಅಮೆರಿಕದ ಮಿಲ್‌ನವರು 1982ರಿಂದ ಜಗಳ ಮಾಡುತ್ತಿದ್ದಾರೆ. ಎರಡೂ ದೇಶಗಳು ಈ ಬಗ್ಗೆ ಮಾಡಿಕೊಂಡಿದ್ದ 2006ರ ಒಪ್ಪಂದ 2015ರಲ್ಲಿ ಮುಗಿಯಿತು, 2017ರಲ್ಲಿ ಕೆನಡಾದ ನಾಟಾಕ್ಕೆ ಅಮೆರಿಕದ ಸುಂಕ ಮತ್ತೆ ಬಿತ್ತು. 2025ರ ಆಗಸ್ಟ್ ಹೊತ್ತಿಗೆ ಹೆಚ್ಚಿನ ಕೆನಡಾ ಕಂಪನಿಗಳಿಗೆ ಅದು ಶೇ. 35ರಷ್ಟಾಯಿತು, ಅಕ್ಟೋಬರ್‌ನಲ್ಲಿ ಮೇಲೆ ಇನ್ನೂ ಶೇ. 10.

ಸ್ಟಂಪೇಜ್‌ಗೆ ‘ರಾಜಧನ’ ಅನ್ನಬಹುದು, ಗಣಿ ಕಡೆ ಬಳಕೆಯಲ್ಲೂ ಇದೆ. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಖಾಸಗಿ ಕಾಡಿನ ಒಡೆಯನಿಗೆ ಕೊಡುವ ದುಡ್ಡಿಗೂ ಸ್ಟಂಪೇಜ್ ಅಂತಲೇ ಹೆಸರು. ಸರ್ಕಾರವೇ ಇಲ್ಲದ ಕಡೆ ರಾಜಧನ ಹೇಗೆ ಹೊಂದುತ್ತದೆ? ‘ನಿಂತ ಮರದ ಬೆಲೆ’ ಅಂದರೆ ಎರಡಕ್ಕೂ ಆಗುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಬರೆಯಲು ಉದ್ದ.

ಕೊಡಗು, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಹೇಳಿ. ಕಾಫಿ ತೋಟದ ಸಿಲ್ವರ್ ಓಕನ್ನು ನಿಂತಂತೆಯೇ ವ್ಯಾಪಾರಿಗೆ ಮಾರುವಾಗ, ತೋಟದವರ ಕೈಗೆ ಬರುವ ಆ ದುಡ್ಡಿಗೆ ನಿಮ್ಮಲ್ಲಿ ಏನಂತೀರಿ?