ಜಾರ್ಜ್ ಲೋಪೆಜ್ ಅವರ ಹಾಸ್ಯ ಮತ್ತು ಬಾಲ್ಯ

ಪ್ರಶ್ನೆ: ಮೆಕ್ಸಿಕನ್-ಅಮೆರಿಕನ್ ಹಾಸ್ಯಗಾರ ಜಾರ್ಜ್ ಲೋಪೆಜ್ ಅವರ ಮಾತಿನಲ್ಲಿ ಬಾಲ್ಯದ ನೋವು ಮತ್ತೆ ಮತ್ತೆ ಬರುವುದೇಕೆ ಎಂದು ಬಲ್ಲವರು ದಯವಿಟ್ಟು ತಿಳಿಸುವಿರಾ?

ಉತ್ತರ: 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಅವರನ್ನು ತಂದೆ ಹಸುಗೂಸಾಗಿದ್ದಾಗಲೇ ತೊರೆದರು, ತಾಯಿಯೂ ಅವರ ಹತ್ತನೆಯ ವಯಸ್ಸಿನಲ್ಲಿ ಬಿಟ್ಟುಹೋದ ಮೇಲೆ ಬೆಳೆಸಿದವರು ತಾಯಿಯ ತಾಯಿಯಾದ ಅಜ್ಜಿ. ಆ ಅಜ್ಜಿಯ ಗಡಸು ಮಾತುಗಳೇ ಮುಂದೆ ಅವರ ಹಾಸ್ಯದ ಜೀವಾಳವಾದವು ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ: ನಟಿ ಸಾಂಡ್ರಾ ಬುಲಕ್ ಅವರ ಒತ್ತಾಸೆಯಿಂದ 2002ರಲ್ಲಿ ಎಬಿಸಿ ವಾಹಿನಿಯಲ್ಲಿ ಆರಂಭವಾದ, ಲೋಪೆಜ್ ಅವರದೇ ಹೆಸರಿನ ಹಾಸ್ಯ ಧಾರಾವಾಹಿಯಲ್ಲಿಯೂ ಈ ಕುಟುಂಬದ ನೆರಳಿದೆ. ಅದು 2007ರವರೆಗೆ 120 ಕಂತುಗಳಲ್ಲಿ ಪ್ರಸಾರವಾಯಿತು.

ಉತ್ತರ: 2005ರಲ್ಲಿ ಆಗಿನ ಪತ್ನಿ ಆನ್ ಅವರೇ ಲೋಪೆಜ್‌ಗೆ ಮೂತ್ರಪಿಂಡ ದಾನ ಮಾಡಿದರು. 2022ರಲ್ಲಿ ಎನ್‌ಬಿಸಿ ವಾಹಿನಿಯ ಧಾರಾವಾಹಿಯಲ್ಲಿ ಮಗಳು ಮಾಯಾನ್ ಜೊತೆ ನಟಿಸುತ್ತಾ, ತಂದೆ-ಮಗಳ ಮುನಿಸನ್ನೇ ಅವರು ಕಥೆಯಾಗಿಸಿದ್ದು ನನ್ನನ್ನು ಬಹಳ ಕಲಕಿತು.